ಶಿವರಾತ್ರಿ ಕಳೆದ ಮೇಲಿನ ಚಳಿ

ಅಧ್ಯಕ್ಷರೇ, ತೋಟದ ಕೆಲಸ ಬಿಟ್ಟು ಬಂದ ಬೆಳೆಗಾರ ಬಂಧುಗಳೇ, ಮನೆ ಮುಂದೆ ಡೇಲಿಯಾ, ಗುಲಾಬಿ ಬೆಳೆಸುವ ಅಕ್ಕತಂಗಿಯರೇ,

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಅನ್ನುವುದನ್ನು ಕೇಳಿಕೊಂಡೇ ನಾವೆಲ್ಲ ಬೆಳೆದಿದ್ದೇವೆ. ಈ ಸಲದ ಚಳಿಗೆ ಆ ಗಾದೆ ಯಾರೂ ಹೇಳಿಕೊಟ್ಟಂತಿಲ್ಲ. ಹಿಂದಿನ ಸಾಲಿನಲ್ಲಿ ಮಂಕಿ ಕ್ಯಾಪುಗಳು ಕಾಣುತ್ತಿವೆ. ಬೆಳಿಗ್ಗೆ ಟೀ ಅಂಗಡಿಯಲ್ಲಿ, ಅಲ್ಲಲ್ಲ, ಕಾಫಿ ಅಂಗಡಿಯಲ್ಲಿ, ಚಿಕ್ಕಮಗಳೂರಿನಲ್ಲಿ ನಿಂತು ಟೀ ಅಂದರೆ ಮುಂದಿನ ಸಲ ನನ್ನನ್ನು ಕರೆಯುವುದಿಲ್ಲ, ಅಲ್ಲಿ ಒಬ್ಬರು ಕೇಳಿದರು: “ಏನ್ ಸಾರ್, ಭೂಮಿ ಬಿಸಿಯಾಗ್ತಿದೆ ಅಂತ ಊರೂರು ಹೇಳ್ಕೊಂಡು ತಿರುಗ್ತೀರಿ, ಇಲ್ಲಿ ನಮ್ಮ ಕೈ ಮರಗಟ್ಟಿದೆ.”

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಚಳಿ ಎಷ್ಟು ಅಂತ ಕೇಳಬೇಡಿ, ಯಾವಾಗ ಅಂತ ಕೇಳಿ.

ಸೇಬು ತೆಗೆದುಕೊಳ್ಳಿ. ಶಿಮ್ಲಾದಿಂದ ಮೇಲೆ ಹೋದರೆ ಕೋಟಗಢ, ಥಾನೇದಾರ್ ಸಿಗುತ್ತವೆ. ಅಮೆರಿಕದಿಂದ ಬಂದು ಅಲ್ಲಿಯವರೇ ಆಗಿಹೋದ ಸತ್ಯಾನಂದ ಸ್ಟೋಕ್ಸ್ 1916ರಲ್ಲಿ ಡೆಲಿಶಿಯಸ್ ಸೇಬು ನೆಟ್ಟ ಜಾಗ. ಆ ಸೇಬಿಗೆ ಚಳಿ ಬೇಕೇ ಬೇಕು. 7 ಡಿಗ್ರಿಗಿಂತ ಕೆಳಗೆ ಸಾವಿರ ಗಂಟೆಯಷ್ಟಾದರೂ ಮಲಗದಿದ್ದರೆ ಮರ ಸರಿಯಾಗಿ ಹೂ ಬಿಡುವುದಿಲ್ಲ. ಜನವರಿಯಲ್ಲಿ ಮೊಗ್ಗು ಮುಚ್ಚಿಕೊಂಡಿರುವಾಗ ಮೈನಸ್ 15 ಆದರೂ ಜಗ್ಗುವುದಿಲ್ಲ. ಅದೇ ಮರ ಏಪ್ರಿಲಿನಲ್ಲಿ ಹೂ ಬಿಟ್ಟಾಗ ನೋಡಿ. ಮೈನಸ್ 2ರ ಸುಮಾರಿಗೆ ಹತ್ತರಲ್ಲಿ ಒಂದು ಹೂ ಸಾಯುತ್ತದೆ. ಮೈನಸ್ 4ಕ್ಕೆ ಹತ್ತರಲ್ಲಿ ಒಂಬತ್ತು. ಎರಡೇ ಡಿಗ್ರಿ ವ್ಯತ್ಯಾಸ. ಮರವೂ ಅದೇ, ನೆಲವೂ ಅದೇ, ತಿಂಗಳು ಮಾತ್ರ ಬೇರೆ.

ಥಾನೇದಾರಿನ ಹತ್ತಿರ ಒಬ್ಬರ ತೋಟದ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಉಳಿದುಕೊಂಡಿದ್ದೆ. ಈ ಕತೆ ಕೆಲವರು ಕೇಳಿರಬಹುದು, ಇನ್ನೊಮ್ಮೆ ಕೇಳಿ, ನಷ್ಟವಿಲ್ಲ. ಗುಡ್ಡಕ್ಕೆ ಗುಡ್ಡವೇ ಹೂವು. ಸಂಜೆ ಸಣ್ಣಗೆ ಮಳೆ ಶುರುವಾಯಿತು. ನಡುರಾತ್ರಿ ಯಾರೋ ಬಾಗಿಲು ಬಡಿದರು. ಕರೆಂಟ್ ಇಲ್ಲ. ಮನೆಯ ಯಜಮಾನಿ, ಎಲ್ಲರೂ ಅಮ್ಮಾಜಿ ಅನ್ನುತ್ತಿದ್ದರು, ಟಾರ್ಚ್ ಹಿಡಿದು ನಿಂತಿದ್ದಾರೆ. ನನ್ನ ಕೈಗೆ ಒಂದು ಉದ್ದನೆ ಕೋಲು ಕೊಟ್ಟರು. ತುದಿಗೆ ಹಳೇ ಬಟ್ಟೆ ಸುತ್ತಿದ್ದಾರೆ. ಅತಿಥಿ ಗಿತಿಥಿ ಏನಿಲ್ಲ, ನಡಿ ತೋಟಕ್ಕೆ!

ಹೊರಗೆ ನೋಡಿದರೆ ಹೂವಿನ ಮೇಲೆ ಅಂಗೈ ದಪ್ಪ ಹಿಮ. ಜನವರಿಯದ್ದು ಒಣ ಹಿಮ, ಗಾಳಿ ಬೀಸಿದರೆ ಉದುರಿಹೋಗುತ್ತದೆ. ಏಪ್ರಿಲಿನದ್ದು ನೀರು ತುಂಬಿದ ಹಿಮ. ಭಾರ ಜಾಸ್ತಿ, ಅಂಟಿಕೊಂಡೇ ಕೂರುತ್ತದೆ. ಆಲಿಕಲ್ಲಿಗೆ ಅಂತ ಆಗಲೇ ಬಲೆ ಕಟ್ಟಿಬಿಟ್ಟಿದ್ದರು. ಆ ಬಲೆಯ ಮೇಲೆ ಹಿಮ ಕೂತು, ಕಂಬ ಸಮೇತ ಕೊಂಬೆಗಳ ಮೇಲೆ ಬಿದ್ದಿತ್ತು. ನಾನು ಕೋಲು ಎತ್ತಿ ಮೇಲಿಂದ ಬಾರಿಸಲು ಹೊರಟೆ. ಅಮ್ಮಾಜಿ ಕೂಗಿದರು. ಹೊಡೆದರೆ ಕೊಂಬೆ ಪಟ್ ಅನ್ನುತ್ತದಂತೆ. ಕೆಳಗಿನಿಂದ ಮೆಲ್ಲಗೆ ಎತ್ತಿ ಅಲುಗಾಡಿಸಬೇಕು. ಹಾಗೇ ಮಾಡಿದೆ. ಒಂದು ಮುದ್ದೆ ಹಿಮ ನೇರ ನನ್ನ ಕಾಲರ್ ಒಳಗೆ ಇಳಿಯಿತು. ಅವರ ಮಗ ನಗುತ್ತಾ “ಮದ್ರಾಸಿಗೆ ಇದು ಹೊಸದು” ಅಂದ. ಕರ್ನಾಟಕ ಅಂದೆ. ವಿಂಧ್ಯದಿಂದ ಕೆಳಗೆ ಏನಿದ್ದರೂ ಅವನಿಗೆ ಮದ್ರಾಸೇ.

ಬೆಳಗಾದ ಮೇಲೆ ಆಕಾಶ ತೊಳೆದಂತಿತ್ತು. ರಸ್ತೆಯಲ್ಲಿ ಕಾರು ನಿಲ್ಲಿಸಿ ಪ್ರವಾಸಿಗಳು ಫೋಟೋ ತೆಗೆಯುತ್ತಿದ್ದರು. ನಾನೂ ಗಂಡಾಂತರ ಕಳೆಯಿತು ಅಂದುಕೊಂಡು ಕೂತೆ. ಅಮ್ಮಾಜಿ ಮಾತ್ರ ಆಕಾಶ ನೋಡಿ ಬೈಯುತ್ತಿದ್ದರು. ಹಿಮ ಬೀಳುವಾಗ ಮೋಡ ಇರುತ್ತದೆ, ನೆಲದ ಶಾಖವನ್ನು ಅದು ತಡೆದಿಡುತ್ತದೆ, ಚಳಿ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೂವನ್ನು ಕೊಲ್ಲುವುದು ಅದರ ಮಾರನೇ ರಾತ್ರಿ. ಮೋಡವಿಲ್ಲ, ಗಾಳಿಯಿಲ್ಲ, ನೆಲದ ಮೇಲೆ ಹಿಮ. ಇದ್ದಬದ್ದ ಶಾಖವೆಲ್ಲ ಆಕಾಶಕ್ಕೆ ಹೋಗುತ್ತದೆ. ಹಾಗೇ ಆಯಿತು. ಮರುದಿನ ಅವರು ಒಂದು ಹೂ ಕಿತ್ತು ಹೆಬ್ಬೆರಳಿನ ಉಗುರಿನಿಂದ ಸೀಳಿ ತೋರಿಸಿದರು. ದಳ ಬೆಳ್ಳಗೆ, ಚೆನ್ನಾಗಿಯೇ ಇದೆ. ನಡುವಿನ ಹೆಣ್ಣು ಭಾಗ ಮಾತ್ರ ಕಪ್ಪು. ಕೆಳಗಡೆ ಬಾಡಿಗೆಗೆ ತಂದಿಟ್ಟ ಜೇನುಪೆಟ್ಟಿಗೆ. ಅಷ್ಟು ಥಂಡಿಯಲ್ಲಿ ಜೇನು ಹೊರಗೇ ಬರಲಿಲ್ಲ. ಉಳಿದ ಹೂವಿಗೂ ಕಾಯಿ ಕಟ್ಟಿಸುವವರಿಲ್ಲ.

ಅದಕ್ಕೇ ಹೇಳಿದ್ದು, ಯಾವಾಗ ಅಂತ ಕೇಳಿ.

ಕಾಫಿ ಅಂಗಡಿಯವರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಬಿಸಿಲು ಬೇಗ ಬಂದರೆ ಮರ ಬೇಗ ಏಳುತ್ತದೆ. ಚಳಿ ತನ್ನ ಹಳೇ ತಾರೀಖಿಗೇ ಬರುತ್ತದೆ. ಆಗ ಎದುರಿಗೆ ಸಿಗುವುದು ಮುಚ್ಚಿದ ಮೊಗ್ಗಲ್ಲ, ಬಿರಿದ ಹೂ. 2021ರಲ್ಲಿ ಫ್ರಾನ್ಸಿನಲ್ಲಿ ಆದದ್ದು ಇದೇ. ಮಾರ್ಚ್ ಕೊನೆಗೆ ದಾಖಲೆ ಸೆಕೆ, ದ್ರಾಕ್ಷಿ ಚಿಗುರಿತು. ಏಪ್ರಿಲ್ ಮೊದಲ ವಾರದಲ್ಲಿ ಕಡುಚಳಿ. ಸಾಲುಸಾಲು ಬಳ್ಳಿಗಳ ನಡುವೆ ಮೇಣದ ದೀಪ ಹಚ್ಚಿಟ್ಟು ರೈತರು ರಾತ್ರಿಯೆಲ್ಲ ಕಾದರು. ಭೂಮಿ ಬಿಸಿಯಾದರೆ ಚಳಿಯ ನಷ್ಟ ತಪ್ಪುತ್ತದೆ ಅನ್ನುವ ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸೇಬು ಹೋದರೂ ಬೆಟ್ಟಕ್ಕೆ ಹಿಮ ಬಂತಲ್ಲ, ನೀರಾಯಿತಲ್ಲ ಅನ್ನುವವರಿದ್ದಾರೆ. ಜನವರಿಯ ಹಿಮ ಕಣಜಕ್ಕೆ ಸುರಿದ ಭತ್ತ, ಏಪ್ರಿಲಿನದ್ದು ಸಂತೆಯಿಂದ ತಂದ ಸೇರಕ್ಕಿ. ಸೂರ್ಯ ಆಗಲೇ ನೆತ್ತಿಗೆ ಬಂದಿರುತ್ತಾನೆ, ವಾರದೊಳಗೆ ಕರಗಿ ಹೊಳೆ ಸೇರುತ್ತದೆ. ಒಂದು ಲಾಭ ಉಂಟು. ಹಿಮನದಿಯ ಮೇಲೆ ಬಿದ್ದರೆ ಆ ಹೊಸ ಬಿಳುಪು ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸಿ, ಅಡಿಯ ಧೂಳು ಹಿಡಿದ ಹಳೇ ಮಂಜುಗಡ್ಡೆಯನ್ನು ಕೆಲವು ದಿನ ಕಾಪಾಡುತ್ತದೆ. ಆದರೆ ಕಣಜ ತುಂಬಲಿಲ್ಲ. ಹಿಮಾಲಯದ ಬೆಟ್ಟಗಳ ಅಧ್ಯಯನ ಮಾಡುವ ಕಠ್ಮಂಡುವಿನ ಇಸಿಮೋಡ್ ಸಂಸ್ಥೆಯ ಲೆಕ್ಕದಲ್ಲಿ 2025ರ ಚಳಿಗಾಲಕ್ಕೆ ಹಿಂದೂಕುಷ್ ಹಿಮಾಲಯದಲ್ಲಿ ಹಿಮ ನೆಲದ ಮೇಲೆ ಉಳಿದದ್ದು ಸಾಮಾನ್ಯಕ್ಕಿಂತ ಶೇ. 23.6ರಷ್ಟು ಕಡಿಮೆ. ಅಲ್ಲಿಯವರೆಗಿನ 23 ವರ್ಷಗಳಲ್ಲೇ ಕಡಿಮೆ. ಅದೇ ವರ್ಷ ಫೆಬ್ರವರಿ 28ರಂದು ಬದರಿಯ ಹತ್ತಿರದ ಮಾಣಾದಲ್ಲಿ ರಸ್ತೆ ಕೆಲಸಗಾರರ ಮೇಲೆ ಹಿಮಕುಸಿತವಾಗಿ ಎಂಟು ಜನ ಸತ್ತರು. ಒಟ್ಟು ಕಡಿಮೆ, ಬಿದ್ದರೆ ಒಂದೇ ಸಲಕ್ಕೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಮ್ಮೂರಿಗೆ ಬರೋಣ.

ಮುಳ್ಳಯ್ಯನಗಿರಿಯಲ್ಲಿ ಹಿಮ ಬೀಳುವುದಿಲ್ಲ, ವಾಟ್ಸಾಪಿನಲ್ಲಿ ಬಿದ್ದರೂ ನಂಬಬೇಡಿ. ಆದರೆ ಅಮ್ಮಾಜಿಯ ಆಕಾಶದ ಲೆಕ್ಕ ಇಲ್ಲಿಗೂ ಸರಿ. ತಣ್ಣನೆ ಗಾಳಿ ಭಾರ, ಇಳಿಜಾರು ಹಿಡಿದು ಕೆಳಗಿಳಿಯುತ್ತದೆ. ಗುಡ್ಡದ ನೆತ್ತಿಗಿಂತ ಹಳ್ಳದ ಬದಿಯ ಗಿಡಕ್ಕೆ ಥಂಡಿ ಜಾಸ್ತಿ. ಹಾಗಾದರೆ ನಮ್ಮ ಕಾಫಿಯನ್ನು ಕಾಯುವವರು ಯಾರು? ಮೇಲಿನ ಮರ. ರಾತ್ರಿ ನೆಲದ ಶಾಖ ನೇರ ಆಕಾಶಕ್ಕೆ ಹೋಗದಂತೆ ಅದು ಅಡ್ಡ ನಿಲ್ಲುತ್ತದೆ. ಬ್ರೆಜಿಲ್‌ನವರು ಬಹುಪಾಲು ಬಟಾಬಯಲಿನಲ್ಲಿ ಬೆಳೆಯುತ್ತಾರೆ. 1975ರ ಜುಲೈನಲ್ಲಿ ಪರಾನಾ ರಾಜ್ಯದ ಗಿಡಗಳು ಚಳಿಯ ಒಂದೇ ಬೀಸಿಗೆ ಕರಿ ಕಟ್ಟಿದವು. ಅದು ಅವರ ನಡುಚಳಿಗಾಲವೇ, ನನ್ನ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ, ಇರಲಿ. 1977ಕ್ಕೆ ಕಾಫಿ ಪೌಂಡಿಗೆ 3 ಡಾಲರ್ ದಾಟಿತು. ಆಗ ನಮ್ಮಲ್ಲಿ ಪೂಲಿಂಗ್ ಕಾಲ, ಬೆಳೆದದ್ದನ್ನು ಕಾಫಿ ಬೋರ್ಡಿಗೇ ಕೊಡಬೇಕಿತ್ತು. ಆ ಬೆಲೆಯಲ್ಲಿ ನಮ್ಮ ಹಿರಿಯರ ಕೈಗೆ ಎಷ್ಟು ಬಂತು ಅನ್ನುವುದು ಬೇರೆ ಉಪನ್ಯಾಸ, ಅದಕ್ಕೆ ಊಟ ಹಾಕಿ ಕರೆಯಿರಿ. ಹೇಳುವುದಿಷ್ಟೆ: ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಮಾಡಿಸುವಾಗ ಹಳ್ಳದ ಬದಿಯ ಮರಗಳ ಮೇಲೆ ಸ್ವಲ್ಪ ಕೈ ಬಿಗಿ ಹಿಡಿಯಿರಿ.

ಮಾವಿನ ಬಗ್ಗೆ ಮೂರು ಪುಟ ಬರೆದುಕೊಂಡು ಬಂದಿದ್ದೆ. ಒಂದೇ ಮಾತು. ಹೂ ಬಿಡುವಾಗ ರಾತ್ರಿ ತೀರಾ ತಣ್ಣಗಿದ್ದರೆ ಗೊಂಚಲಿನಲ್ಲಿ ಗಂಡು ಹೂವೇ ಹೆಚ್ಚು, ಕಾಯಿ ಕಟ್ಟುವ ಹೂ ಕಡಿಮೆ. ಮೇಲೆ ಬೂದಿ ರೋಗ ಬೇರೆ. ಇಲ್ಲೂ ಪ್ರಶ್ನೆ ಯಾವಾಗ ಅನ್ನುವುದೇ, ಅಲ್ವಾ?

ತೋಟದ ಅತಿ ತಗ್ಗಿನ ಜಾಗದಲ್ಲಿ ರಾತ್ರಿಯ ಕನಿಷ್ಠ ಉಷ್ಣಾಂಶ ತೋರಿಸುವ ಥರ್ಮಾಮೀಟರ್ ಒಂದನ್ನು ನೇತುಹಾಕಿ. ಬಂಗಲೆಯ ಜಗಲಿಯಲ್ಲಿ ಬೇಡ, ಅಲ್ಲಿ ಗೊತ್ತಾಗುವುದು ಸಾಹುಕಾರರ ಚಳಿ ಮಾತ್ರ. ಮಳೆ ಬರೆದಿಡುವ ಪುಸ್ತಕದಲ್ಲೇ ಪಕ್ಕದ ಅಂಕಣದಲ್ಲಿ ಬರೆಯಿರಿ. ಕಾಫಿ ಹೂ ಬಿರಿಸುವ ಹೂಮಳೆಯ ತಾರೀಖು, ಹೂ ಬಿರಿದ ತಾರೀಖು, ಆ ರಾತ್ರಿಯ ಥಂಡಿ, ಮೂರೂ ಒಟ್ಟಿಗೆ ಇರಲಿ.

ಡೇಲಿಯಾ ಬಗ್ಗೆ ಚೀಟಿ ಕಳಿಸಿದ ಅಕ್ಕನವರೇ, ಈ ಚಳಿ ಹೋಗುವವರೆಗೆ ಯೂರಿಯಾ ಹಾಕಬೇಡಿ. ಎಳೆ ಚಿಗುರು ಬರುತ್ತದೆ, ಮೊದಲು ಸುಡುವುದು ಅದೇ. ನೀರು ಬೆಳಿಗ್ಗೆ ಹಾಕಿ, ಎಲೆ ಮೇಲಲ್ಲ, ಬುಡಕ್ಕೆ. ಗುಲಾಬಿಯವರಿಗೂ ಇದೇ ಉತ್ತರ.