ಲೇಟೆಕ್‌ನಲ್ಲಿ ಚಿತ್ರ ಏಕೆ ಓಡಿಹೋಗುತ್ತದೆ, ಸಾಲು ಏಕೆ ಅಂಚು ದಾಟುತ್ತದೆ?

[ಪರದೆ: 40 ಪುಟಗಳ ವರದಿ. 8ನೇ ಪುಟದಲ್ಲಿ "ಚಿತ್ರ 3 ನೋಡಿ" ಎಂಬ ಸಾಲು. ಪುಟಗಳು ವೇಗವಾಗಿ ಸರಿಯುತ್ತವೆ. 38ನೇ ಪುಟದಲ್ಲಿ ಚಿತ್ರ 3, ಅದರ ಬೆನ್ನಿಗೇ 4, 5, 6.]

ನಿರೂಪಣೆ:
ನಮಸ್ಕಾರ. 8ನೇ ಪುಟದಲ್ಲಿ ಇರಬೇಕಾಗಿದ್ದ ಚಿತ್ರ 38ನೇ ಪುಟಕ್ಕೆ ಹೋಗಿ ಕುಳಿತಿದೆ. ತಾನು ಮಾತ್ರ ಹೋಗಿದ್ದರೆ ಪರವಾಗಿರಲಿಲ್ಲ, ಹಿಂದಿದ್ದ ಚಿತ್ರಗಳನ್ನೆಲ್ಲ ಕಟ್ಟಿಕೊಂಡು ಹೋಗಿದೆ. ನಾವು ಪಠ್ಯ ಮತ್ತು ಆದೇಶಗಳನ್ನು ಬರೆದ ಕಡತದಿಂದ ಪುಟಗಳನ್ನು ತಾನೇ ಜೋಡಿಸಿಕೊಡುವ ತಂತ್ರಾಂಶ ಲೇಟೆಕ್. ಅದನ್ನು ಬಳಸುವವರಲ್ಲಿ ಈ ಕಾಟ ಕಾಣದವರು ವಿರಳ. ಸಿಟ್ಟು ಬಂದಾಗ ಕೈ ಮೊದಲು ಹೋಗುವುದು ಬಲವಂತದ ಕಡೆಗೆ: ಚಿತ್ರಕ್ಕೆ ಮೊಳೆ ಹೊಡೆಯುವುದು, ಸಾಲು ಮುರಿಯಲು ಅದರ ಕೊನೆಗೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕುವುದು, ಅಲ್ಲಲ್ಲಿ ಖಾಲಿ ಜಾಗ ತುರುಕುವುದು. ಆ ಪುಟವೇನೋ ಸರಿಯಾಗುತ್ತದೆ. ಮರುದಿನ ಮೊದಲ ಅಧ್ಯಾಯಕ್ಕೆ ಎರಡು ಸಾಲು ಸೇರಿಸಿದರೆ ಎಲ್ಲವೂ ಮತ್ತೆ ಚೆಲ್ಲಾಪಿಲ್ಲಿ. ಹಾಗಾಗಿ ಇವತ್ತು ತೇಪೆ ಬೇಡ. ತಂತ್ರಾಂಶ ಹಾಗೇಕೆ ನಿರ್ಧರಿಸಿತು ಎಂದು ನೋಡಿ, ಅಲ್ಲಿಗೇ ಕೈ ಹಾಕೋಣ.

[ಪರದೆ: ಖಾಲಿ ಪುಟದ ರೇಖಾಚಿತ್ರ. ತಲೆ, ಬುಡ, ನಡು ಬೇರೆ ಬೇರೆ ಬಣ್ಣದಲ್ಲಿ.]

ನಿರೂಪಣೆ:
ಬಿಗಿನ್, ಎಂಡ್ ಆದೇಶಗಳ ನಡುವಿನ ಫಿಗರ್ ಆವರಣದೊಳಗೆ ಇಟ್ಟ ಚಿತ್ರವನ್ನು ಲೇಟೆಕ್ ಫ್ಲೋಟ್, ಅಂದರೆ ತೇಲುವ ವಸ್ತು, ಎಂದು ಕರೆಯುತ್ತದೆ. ಅದನ್ನು ಎರಡು ಪುಟಗಳಿಗೆ ಒಡೆಯಲಾಗದು. ಆದ್ದರಿಂದ ಜಾಗ ಸಿಕ್ಕ ಕಡೆ ಇಡುವ ಅಧಿಕಾರ ತಂತ್ರಾಂಶದ್ದು. ಚೌಕ ಆವರಣದಲ್ಲಿ ನಾವು ಕೊಡುವ ಅಕ್ಷರಗಳು ಬರೀ ಅನುಮತಿಗಳು. ಎಚ್ ಎಂದರೆ ಇಲ್ಲೇ, ಟಿ ಎಂದರೆ ಪುಟದ ತಲೆಗೆ, ಬಿ ಎಂದರೆ ಬುಡಕ್ಕೆ, ಪಿ ಎಂದರೆ ಚಿತ್ರಗಳಿಗೇ ಮೀಸಲಾದ ಪುಟಕ್ಕೆ. ಯಾವ ಅಕ್ಷರವನ್ನು ಮೊದಲು ಬರೆದರೂ ಲೇಟೆಕ್ ಪರಿಶೀಲಿಸುವ ಕ್ರಮ ಬದಲಾಗುವುದಿಲ್ಲ.

ಅನುಮತಿ ಸಿಕ್ಕರೂ ಮುಗಿಯಲಿಲ್ಲ, ಅಳತೆಯ ಕಟ್ಟಳೆಗಳಿವೆ. ಆರ್ಟಿಕಲ್, ರಿಪೋರ್ಟ್, ಬುಕ್ ಎಂಬ ಸಾಮಾನ್ಯ ಕ್ಲಾಸ್‌ಗಳಲ್ಲಿ, ಅಂದರೆ ದಾಖಲೆಯ ಸಿದ್ಧ ಮಾದರಿಗಳಲ್ಲಿ, ತಲೆಯಲ್ಲಿ ಕೂರುವ ಚಿತ್ರಗಳು ಪುಟದ 0.7 ಭಾಗವನ್ನು ಮೀರುವಂತಿಲ್ಲ. ಬುಡದಲ್ಲಿ ಮಿತಿ 0.3. ಪಠ್ಯವಿರುವ ಪುಟದಲ್ಲಿ ಪಠ್ಯಕ್ಕೆ ಕನಿಷ್ಠ 0.2 ಉಳಿಯಬೇಕು. ಸಂಖ್ಯೆಯಲ್ಲೂ ಮಿತಿಯಿದೆ: ತಲೆಗೆ 2, ಬುಡಕ್ಕೆ 1, ಪುಟಕ್ಕೆ ಒಟ್ಟು 3.

ಈಗ ನಮ್ಮ ಚಿತ್ರ 3ನ್ನು ಹತ್ತಿರದಿಂದ ನೋಡಿ. ಅದರ ಎತ್ತರ ಪುಟದ 0.85 ಭಾಗ. ಬರೆದವರು ಕೊಟ್ಟಿದ್ದು ಎಚ್ ಒಂದೇ. ಲೇಟೆಕ್ ಅದಕ್ಕೆ ತಾನಾಗಿ ಟಿ ಸೇರಿಸಿಕೊಂಡಿದೆ, ಸೇರಿಸಿದ್ದನ್ನು ಲಾಗ್‌ನಲ್ಲಿ, ಅಂದರೆ ಪ್ರತಿ ಸಲ ತಾನು ಬರೆದಿಡುವ ವರದಿ ಕಡತದಲ್ಲಿ, ಎಚ್ಚರಿಕೆಯಾಗಿ ಹೇಳಿಯೂ ಇದೆ. ಇಲ್ಲೇ ಇಡೋಣವೆಂದರೆ ಪಠ್ಯಕ್ಕೆ ಉಳಿಯುವುದು 0.15, ನಿಯಮ ಒಪ್ಪುವುದಿಲ್ಲ. ತಲೆಗೆ ಇಡೋಣವೆಂದರೆ 0.7ರ ಮಿತಿ ಅಡ್ಡ. ಚಿತ್ರಗಳದೇ ಪುಟಕ್ಕೆ ಕಳಿಸೋಣವೆಂದರೆ ಪಿ ಅನುಮತಿ ಇಲ್ಲ. ಹಾಗಾಗಿ ಚಿತ್ರ ಕಾಯುತ್ತಾ ಕೂರುತ್ತದೆ. ಒಂದು ಚಿತ್ರ ಇನ್ನೊಂದನ್ನು ಹಿಂದಿಕ್ಕುವಂತಿಲ್ಲ ಎಂಬ ನಿಯಮವೂ ಇರುವುದರಿಂದ, ಪುಟ್ಟದಾಗಿದ್ದು ಎಲ್ಲಿ ಬೇಕಾದರೂ ಹಿಡಿಯಬಹುದಾಗಿದ್ದ 4, 5, 6 ಕೂಡ ಅದರ ಹಿಂದೆ ಸಾಲುಗಟ್ಟುತ್ತವೆ. ಕ್ಲಿಯರ್‌ಪೇಜ್ ಆದೇಶವೋ ಹೊಸ ಅಧ್ಯಾಯವೋ ದಾಖಲೆಯ ಕೊನೆಯೋ ಬರುವವರೆಗೆ ಬಿಡುಗಡೆಯಿಲ್ಲ. ಓಡಿಹೋದ ಚಿತ್ರಗಳನ್ನು ಕಂಡಾಗ ಹುಡುಕಬೇಕಾದದ್ದು ಸಾಲಿನ ಮೊದಲಿಗನನ್ನು. ತಪ್ಪಿತಸ್ಥ ಸಾಮಾನ್ಯವಾಗಿ ಅದೊಂದೇ.

[ಪರದೆ: ಎಚ್ ಇದ್ದ ಜಾಗದಲ್ಲಿ ಎಚ್, ಟಿ, ಬಿ, ಪಿ ನಾಲ್ಕೂ ಬರುತ್ತವೆ. ಮರುಕಂಪೈಲ್, ಅಂದರೆ ಕಡತದಿಂದ ಪುಟಗಳನ್ನು ಮತ್ತೆ ತಯಾರಿಸುವುದು. ಚಿತ್ರ 3 ಈಗ 9ನೇ ಪುಟದಲ್ಲಿ, ಉಳಿದವು ತಮ್ಮ ತಮ್ಮ ವಿಭಾಗಗಳಲ್ಲಿ.]

ನಿರೂಪಣೆ:
ಪಿ ಸೇರಿಸಿದ್ದೇ ತಡ, ಇಡೀ ಮೆರವಣಿಗೆ ಹೊರಟಿತು. ಚಿತ್ರವನ್ನು 0.65ಕ್ಕೆ ಇಳಿಸಿದ್ದರೂ ನಡೆಯುತ್ತಿತ್ತು. ಚಿತ್ರಗಳೇ ಹೆಚ್ಚಿರುವ ದಾಖಲೆಯಾದರೆ ಕಡತದ ಆರಂಭದ ಪೀಠಿಕೆಯಲ್ಲಿ ತಲೆಯ ಮಿತಿಯಾದ ಟಾಪ್‌ಫ್ರ್ಯಾಕ್ಷನ್ ಅನ್ನು 0.85ಕ್ಕೆ ಏರಿಸಿ, ಪಠ್ಯದ ಕನಿಷ್ಠ ಪಾಲಾದ ಟೆಕ್ಸ್ಟ್‌ಫ್ರ್ಯಾಕ್ಷನ್ ಅನ್ನು 0.1ಕ್ಕೆ ಇಳಿಸಿ. ಅನುಮತಿ ಅಕ್ಷರಗಳ ಜೊತೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಆ ಒಂದು ಚಿತ್ರಕ್ಕೆ ಈ ಮಿತಿಗಳಲ್ಲಿ ಬಹುಪಾಲು ಸಡಿಲವಾಗುತ್ತವೆ. ವಿಭಾಗದ ಗಡಿ ದಾಟದಿದ್ದರೆ ಸಾಕು ಎನ್ನುವವರಿಗೆ ಪ್ಲೇಸ್‌ಇನ್ಸ್ ಪ್ಯಾಕೇಜ್‌ನ (ಪ್ಯಾಕೇಜ್ ಎಂದರೆ ಬೇಕಾದಾಗ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಫ್ಲೋಟ್‌ಬ್ಯಾರಿಯರ್ ಆದೇಶವಿದೆ.

ಫ್ಲೋಟ್ ಪ್ಯಾಕೇಜ್‌ನ ದೊಡ್ಡಕ್ಷರದ ಎಚ್ ಹಾಕಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಹಾಕಬಹುದು, ಚಿತ್ರ ಅಲ್ಲಾಡುವುದಿಲ್ಲ. ಆದರೆ ಪುಟದಲ್ಲಿ ಜಾಗ ಸಾಲದಿದ್ದಾಗ ಅದು ಮುಂದಿನ ಪುಟಕ್ಕೆ ಜಿಗಿದು ಹಿಂದೆ ಅರ್ಧ ಪುಟ ಖಾಲಿ ಬಿಡುತ್ತದೆ. ಎಲ್ಲ ಚಿತ್ರಕ್ಕೂ ದೊಡ್ಡ ಎಚ್ ಹಾಕಿದ ವರದಿಯನ್ನು ನಾನು ಎರಡನೇ ಪುಟದಲ್ಲೇ ಗುರುತಿಸಬಲ್ಲೆ.

[ಪರದೆ: "ಚಿತ್ರ 4ರಲ್ಲಿ ತೋರಿಸಿದಂತೆ" ಎಂಬ ಸಾಲು, ಅದರ ಪಕ್ಕದಲ್ಲಿ "ಚಿತ್ರ 7" ಎಂಬ ಶೀರ್ಷಿಕೆ ಹೊತ್ತ ನಕ್ಷೆ.]

ನಿರೂಪಣೆ:
ಚಿತ್ರ ಜಾಗಕ್ಕೆ ಬಂತು, ಸಂಖ್ಯೆ ತಪ್ಪಾಯಿತು. ಫಿಗರ್ ಆವರಣದೊಳಗೆ ಉಲ್ಲೇಖಕ್ಕೆ ಗುರುತಿಡುವ ಲೇಬಲ್ ಮೊದಲಿದೆ, ಶೀರ್ಷಿಕೆ ಕೊಡುವ ಕ್ಯಾಪ್ಷನ್ ನಂತರ ಇದೆ. ಚಿತ್ರಕ್ಕೆ ಸಂಖ್ಯೆ ಹುಟ್ಟುವುದೇ ಕ್ಯಾಪ್ಷನ್ ಆದೇಶದಲ್ಲಿ. ಅದಕ್ಕೂ ಮೊದಲೇ ಲೇಬಲ್ ಬಂದರೆ ಅದು ಕೈಗೆ ಸಿಕ್ಕ ಹಿಂದಿನ ಸಂಖ್ಯೆಯನ್ನು, ಅಂದರೆ ವಿಭಾಗದ 4ನ್ನು ಎತ್ತಿಕೊಳ್ಳುತ್ತದೆ. ಎರಡು ಸಾಲುಗಳನ್ನು ಅದಲುಬದಲು ಮಾಡಿ, ಅಷ್ಟೇ. ಈ ತಪ್ಪಿಗೆ ಲಾಗ್‌ನಲ್ಲಿ ಒಂದು ಎಚ್ಚರಿಕೆಯೂ ಬರುವುದಿಲ್ಲ. ಇಡೀ ವಿಡಿಯೋದಲ್ಲಿ ನನಗೆ ಅತಿ ಅಪಾಯಕಾರಿ ಎನಿಸುವುದು ಇದೇ.

ಸಂಖ್ಯೆಯ ಬದಲು ಎರಡು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಗಾಬರಿ ಬೇಡ. ಲೇಟೆಕ್ ಮೊದಲ ಸುತ್ತಿನಲ್ಲಿ ಸಂಖ್ಯೆಗಳನ್ನು ಪೂರಕ ಕಡತದಲ್ಲಿ ಬರೆದಿಟ್ಟು, ಮುಂದಿನ ಸುತ್ತಿನಲ್ಲಿ ಓದುತ್ತದೆ. ಇನ್ನೊಮ್ಮೆ ಕಂಪೈಲ್ ಮಾಡಿ. ಆಗಲೂ ಹೋಗದಿದ್ದರೆ ಲೇಬಲ್‌ನ ಹೆಸರಿನಲ್ಲಿ ಕಾಗುಣಿತ ತಪ್ಪಿದೆ.

[ಪರದೆ: ಬಲ ಅಂಚಿನಿಂದ ಆಚೆ ಚಾಚಿಕೊಂಡ ಒಂದು ಉದ್ದನೆಯ ಜಾಲವಿಳಾಸ. ಕೆಳಗೆ ಲಾಗ್‌ನ ಸಾಲು: ಓವರ್‌ಫುಲ್ ಎಚ್‌ಬಾಕ್ಸ್, 15.4 ಪಾಯಿಂಟ್ ಹೆಚ್ಚು ಅಗಲ, ಸಾಲು 120ರಿಂದ 126.]

ನಿರೂಪಣೆ:
ಲಾಗ್‌ನಲ್ಲಿ ಎಲ್ಲರೂ ನೋಡಿ ಯಾರೂ ಓದದ ಸಾಲು ಇದು. ಓದಿ ನೋಡಿ, ಎಷ್ಟು ಖಚಿತವಾಗಿ ಹೇಳುತ್ತಿದೆ! ಮೂಲ ಕಡತದ 120ನೇ ಸಾಲಿನಿಂದ ಶುರುವಾಗುವ ಪ್ಯಾರಾದಲ್ಲಿ ಒಂದು ಸಾಲು 15.4 ಪಾಯಿಂಟ್ ಆಚೆ ಹೋಗಿದೆ. ಲೇಟೆಕ್‌ನ ಒಳಗಿರುವ ಟೆಕ್ ಎಂಬ ಮೂಲ ತಂತ್ರಾಂಶದ ಲೆಕ್ಕದಲ್ಲಿ ಒಂದು ಇಂಚಿಗೆ 72.27 ಪಾಯಿಂಟ್. ಅಂದರೆ ಹೆಚ್ಚುಕಡಿಮೆ 5.4 ಮಿಲಿಮೀಟರ್, ಕಣ್ಣಿಗೆ ರಾಚುವಷ್ಟು. 0.6 ಪಾಯಿಂಟ್ ಎಂದಿದ್ದರೆ ನೋಡದೆ ಮುಂದೆ ಹೋಗಿ.

ಈ ಟೆಕ್ ಅನ್ನು ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ರೂಪಿಸಲು ಆರಂಭಿಸಿದ್ದು 1977ರಲ್ಲಿ, ತಮ್ಮದೇ ಪುಸ್ತಕದ ಕರಡಚ್ಚಿನ ಅಕ್ಷರಗಳು ಮನಸ್ಸಿಗೆ ಹಿಡಿಸದೆ. ಅದು ಒಂದೊಂದೇ ಸಾಲು ತುಂಬುತ್ತಾ ಹೋಗುವುದಿಲ್ಲ. ಇಡೀ ಪ್ಯಾರಾವನ್ನು ಒಟ್ಟಿಗೆ ತೂಗಿ ಎಲ್ಲೆಲ್ಲಿ ಮುರಿಯಬೇಕೆಂದು ನಿರ್ಧರಿಸುತ್ತದೆ. ಪ್ಯಾರಾದ ಕೊನೆಯಲ್ಲಿ ಒಂದು ಪದ ಬದಲಿಸಿದರೆ ಮೊದಲ ಸಾಲು ಬೇರೆ ಕಡೆ ಮುರಿಯುವುದೂ ಉಂಟು. ಪದಗಳ ನಡುವಿನ ಜಾಗವನ್ನು ಅಸಹ್ಯವಾಗುವಷ್ಟು ಹಿಗ್ಗಿಸಬೇಕಾಗಿ ಬಂದಾಗ ಅದು ಕೈಚೆಲ್ಲಿ, ಸಾಲನ್ನು ಅಂಚಿನಾಚೆ ಬಿಟ್ಟು ಲಾಗ್‌ನಲ್ಲಿ ದೂರು ಬರೆಯುತ್ತದೆ.

ಕಾರಣ ಹೆಚ್ಚಾಗಿ ಮುರಿಯಲಾಗದ ಪದ. ಜಾಲವಿಳಾಸವಾದರೆ ಯುಆರ್‌ಎಲ್ ಆದೇಶದೊಳಗೆ ಇಡಿ, ಅದಕ್ಕೆ ಎಲ್ಲಿ ಮುರಿಯಬೇಕೆಂದು ಗೊತ್ತು. ಟೈಪ್‌ರೈಟರ್ ಅಕ್ಷರದಲ್ಲಿರುವ ಉದ್ದ ಹೆಸರಾದರೆ, ಆ ಅಕ್ಷರವಿನ್ಯಾಸದಲ್ಲಿ ಹೈಫನ್ ಹಾಕಿ ಮುರಿಯುವುದು ಮೊದಲೇ ನಿಂತಿರುತ್ತದೆ. ವಾಕ್ಯವನ್ನೇ ಸ್ವಲ್ಪ ತಿದ್ದುವುದು ಒಳ್ಳೆಯದು. ಇಡೀ ದಾಖಲೆಗೆ ಮೈಕ್ರೋಟೈಪ್ ಪ್ಯಾಕೇಜ್ ಸೇರಿಸಿದರೆ ಇಂಥ ದೂರುಗಳು ತಾವಾಗಿ ಕಡಿಮೆಯಾಗುತ್ತವೆ. ಸಾಲುಗಳಿಗೆ ತುರ್ತಾಗಿ ಹಿಗ್ಗಲು ಅವಕಾಶ ಕೊಡುವ ಎಮರ್ಜೆನ್ಸಿಸ್ಟ್ರೆಚ್‌ಗೆ 1 ಎಮ್‌ನಷ್ಟು (ಎಮ್ ಎಂದರೆ ಸುಮಾರು ಅಕ್ಷರದ ಗಾತ್ರದಷ್ಟು ಅಳತೆ) ಕೊಡಬಹುದು. ಪದಗಳ ನಡುವಿನ ಜಾಗವನ್ನು ಧಾರಾಳವಾಗಿ ಹಿಗ್ಗಲು ಬಿಡುವ ಸ್ಲಾಪಿ ಆದೇಶವನ್ನು ಮಾತ್ರ ದಾಖಲೆಯ ಮೇಲ್ತುದಿಯಲ್ಲಿ ಹಾಕಬೇಡಿ. ದೂರುಗಳು ನಿಲ್ಲುತ್ತವೆ, ಆದರೆ ಪದಗಳ ನಡುವೆ ಬಿರುಕು ಬಿಟ್ಟ ಸಾಲುಗಳು ಉಳಿಯುತ್ತವೆ. ತಪ್ಪಿದ ಸಾಲುಗಳು ಕಣ್ಣಿಗೆ ಬೀಳುತ್ತಿಲ್ಲವೇ? ಕ್ಲಾಸ್‌ಗೆ ಡ್ರಾಫ್ಟ್ ಆಯ್ಕೆ ಕೊಡಿ, ಅಂಥ ಪ್ರತಿ ಸಾಲಿನ ಪಕ್ಕ ಕಪ್ಪು ಪಟ್ಟಿ ಮೂಡುತ್ತದೆ.

[ಪರದೆ: ಒಂದು ಸಮೀಕರಣ, ಅದರ ಮೇಲೂ ಕೆಳಗೂ ಅತಿಯಾದ ಜಾಗ.]

ನಿರೂಪಣೆ:
ಇನ್ನು ಕೆಲವು ಬೇಗ ಮುಗಿಯುತ್ತವೆ. ಸಮೀಕರಣದ ಮೇಲೆ ಕೆಳಗೆ ಹೆಚ್ಚು ಜಾಗ, ನಂತರದ ಸಾಲಿಗೆ ಬೇಡದ ಪ್ಯಾರಾ ಆರಂಭ: ಮೂಲ ಕಡತದಲ್ಲಿ ಸಮೀಕರಣದ ಹಿಂದೆ ಮುಂದೆ ಖಾಲಿ ಸಾಲು ಬಿಟ್ಟಿದ್ದೀರಿ. ಲೇಟೆಕ್‌ಗೆ ಖಾಲಿ ಸಾಲು ಎಂದರೆ ಪ್ಯಾರಾ ಮುಗಿಯಿತು ಎಂದೇ ಅರ್ಥ. ಕಡತದಲ್ಲಿ ಕಣ್ಣಿಗೆ ಬಿಡುವು ಬೇಕಿದ್ದರೆ ಆ ಸಾಲಿನಲ್ಲಿ ಬರೀ ಒಂದು ಶೇಕಡಾ ಚಿಹ್ನೆ ಹಾಕಿ. ಸಾಲು ಸರಿಯಾಗಿ ತುಂಬಲಿಲ್ಲ ಎನ್ನುವ ಅಂಡರ್‌ಫುಲ್, ಬ್ಯಾಡ್‌ನೆಸ್ 10000 ಎಂಬ ಎಚ್ಚರಿಕೆಗಳು ಸಾಲುಗಟ್ಟಿ ಬಂದರೆ, ಪ್ಯಾರಾ ಮುಗಿಸಲು ಎರಡು ಬ್ಯಾಕ್‌ಸ್ಲ್ಯಾಶ್ ಬಳಸಿರುತ್ತೀರಿ. ತೆಗೆದು ಖಾಲಿ ಸಾಲು ಬಿಡಿ. ಬುಕ್ ಕ್ಲಾಸ್‌ನಲ್ಲಿ ಪ್ಯಾರಾಗಳ ನಡುವೆ ಅಂತರ ಹಿಗ್ಗಿ ಪುಟ ಜಾಳುಜಾಳಾಗಿ ಕಂಡರೆ, ಎಲ್ಲ ಪುಟಗಳ ಬುಡವನ್ನು ಒಂದೇ ಮಟ್ಟಕ್ಕೆ ತರುವ ಹಟ ಅದು. ರ್‍ಯಾಗೆಡ್‌ಬಾಟಮ್ ಎಂಬ ಒಂದು ಆದೇಶಕ್ಕೆ ಆ ಹಟ ಇಳಿಯುತ್ತದೆ.

ಕೈಯಿಂದ ಪುಟ ತಿದ್ದುವುದೇ ಬೇಡವೇ? ಬೇಕು, ಆದರೆ ಪಠ್ಯದಲ್ಲಿ ಇನ್ನು ಒಂದಕ್ಷರವೂ ಬದಲಾಗದು ಎಂದಾದ ಮೇಲೆ. ಆಗ ಮೊದಲ ಪುಟದಿಂದ ಮುಂದಕ್ಕೆ ನೋಡುತ್ತಾ ಬನ್ನಿ. ಹಿಂದಿನ ಪುಟ ತಿದ್ದಿದರೆ ಮುಂದಿನವೆಲ್ಲ ಸರಿಯುತ್ತವೆ. ಪ್ಯಾರಾದ ಕೊನೆಯ ಒಂದೇ ಸಾಲು ಹೊಸ ಪುಟದ ತಲೆಗೆ ಒಂಟಿಯಾಗಿ ಬಿದ್ದಿದ್ದರೆ, ಹಿಂದಿನ ಪುಟದಲ್ಲಿ ಎನ್‌ಲಾರ್ಜ್‌ದಿಸ್‌ಪೇಜ್ ಆದೇಶ ಕೊಟ್ಟು ಆ ಪುಟವನ್ನು ಒಂದು ಸಾಲಿನಷ್ಟು ಉದ್ದ ಮಾಡಿ. ಎದುರುಬದುರು ಪುಟಗಳ ಪುಸ್ತಕವಾದರೆ ಎರಡೂ ಪುಟಗಳಿಗೆ ಕೊಡಿ, ಇಲ್ಲದಿದ್ದರೆ ಒಂದರ ಬುಡ ಇನ್ನೊಂದಕ್ಕಿಂತ ಕೆಳಗೆ ಇಳಿದು ಕಾಣುತ್ತದೆ.