ಈ ವಯಸ್ಸಿನಲ್ಲಿ ಓಟವೇ?

(ಮಾಟುಂಗದಲ್ಲಿ ಕನ್ನಡಿಗರ ಸಭೆಯೊಂದಕ್ಕೆ ಸಿದ್ಧಪಡಿಸಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಜನವರಿಯಲ್ಲಿ ಮುಂಬಯಿ ಮ್ಯಾರಥಾನ್ ಟಿವಿಯಲ್ಲಿ ಬರುವಾಗ ನಮ್ಮವರ ಮನೆಗಳಲ್ಲಿ ಯಾರಾದರೊಬ್ಬರು, "ಮುಂದಿನ ವರ್ಷ ನಾನೂ ಓಡ್ತೇನೆ" ಅನ್ನುತ್ತಾರೆ. ಉತ್ತರ ಅಡುಗೆಮನೆಯಿಂದಲೇ ಬರುತ್ತದೆ: "ಮೊದಲು ದಾದರ್ ಬ್ರಿಜ್ಜು ಏದುಸಿರಿಲ್ಲದೆ ಹತ್ತಿ ತೋರಿಸಿ." ಆಮೇಲೆ ಸರದಿಯ ಮೇಲೆ ಮೊಣಕಾಲಿನ ಗಂಟು, ವಯಸ್ಸು, ಎದೆ, ಡ್ಯೂಟಿ, "ಹೆಂಗಸರಿಗೆ ಇದೆಲ್ಲ ಯಾಕೆ". ಇಂಥ ಮಾತು ಕಿವಿಗೆ ಹಾಕಿಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಹಾಕಿಕೊಳ್ಳಿ, ಆದರೆ ಒಂದೊಂದನ್ನೂ ಲೆಕ್ಕಕ್ಕೆ ಇಳಿಸಿ ನೋಡಿ. ಕೆಲವು ಅಲ್ಲೇ ಉದುರುತ್ತವೆ. ಉದುರದೆ ನಿಂತವು ನಿಮ್ಮ ತರಬೇತಿಗೆ ಬೇಕಾದವೇ.

ಮೊದಲು ಗಂಟು. ಹವ್ಯಾಸಕ್ಕೆ ಓಡುವವರನ್ನೂ ಓಡದವರನ್ನೂ ಹೋಲಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದಿದೆ. ಸೊಂಟ, ಮೊಣಕಾಲುಗಳ ಸಂಧಿ ಸವೆತ ಹವ್ಯಾಸಿ ಓಟಗಾರರಲ್ಲಿ ಸುಮಾರು ಶೇ. 3.5, ಓಡದವರಲ್ಲಿ ಶೇ. 10ರಷ್ಟು. ವೃತ್ತಿಪರ ಮಟ್ಟದಲ್ಲಿ ಓಡುವವರಲ್ಲಿ ಮಾತ್ರ ಶೇ. 13 ದಾಟುತ್ತದೆ. ಗಂಟು ಚೆನ್ನಾಗಿರುವವರೇ ಓಟ ಮುಂದುವರಿಸುತ್ತಾರೆ ಎಂಬ ತಕರಾರು ಇದಕ್ಕೆ ಇದ್ದೇ ಇದೆ. ಆದರೂ "ಓಡಿದರೆ ಗಂಟು ಹೋಗುತ್ತದೆ" ಎಂಬ ಮಾತು ಮಾತ್ರ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ.

ಹೆಂಗಸರ ಮಾತಿಗೆ ಬಂದರೆ, ಅದು ನಮ್ಮ ಊರಿನ ಅಜ್ಜಿಯರು ಕಟ್ಟಿದ್ದೇನಲ್ಲ. 1966ರಲ್ಲಿ ಬಾಬಿ ಗಿಬ್ ಎಂಬಾಕೆ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಡಬೇಕಾದರೆ ಪೊದೆಯಲ್ಲಿ ಅಡಗಿ ಕುಳಿತು, ಓಟ ಶುರುವಾದ ಮೇಲೆ ಗುಂಪಿಗೆ ಸೇರಿಕೊಳ್ಳಬೇಕಾಯಿತು. ಮರುವರ್ಷ ಕ್ಯಾಥರಿನ್ ಸ್ವಿಟ್ಜರ್ ಎದೆಯ ಮೇಲಿನ 261 ನಂಬರನ್ನು ಕಿತ್ತುಕೊಳ್ಳಲು ಅಧಿಕಾರಿಯೊಬ್ಬರು ದಾರಿ ಮಧ್ಯೆಯೇ ಕೈಹಾಕಿದರು. ಬಾಸ್ಟನ್ ಹೆಂಗಸರಿಗೆ ಬಾಗಿಲು ತೆರೆದದ್ದು 1972ರಲ್ಲಿ, ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಬಂದದ್ದು 1984ರಲ್ಲಿ. ಇಲ್ಲೇ ಸಾತಾರಾದ ಲಲಿತಾ ಬಾಬರ್ ಮುಂಬಯಿ ಮ್ಯಾರಥಾನಿನ ಭಾರತೀಯ ಮಹಿಳೆಯರಲ್ಲಿ ಮೊದಲಿಗಳಾಗಿ, ಆಮೇಲೆ ಅಡೆತಡೆ ಹಾರುತ್ತ ಓಡುವ ಸ್ಟೀಪಲ್‌ಚೇಸಿಗೆ ಹೋಗಿ, 2016ರ ರಿಯೋದಲ್ಲಿ ಫೈನಲ್ ಓಡಿ ಹತ್ತನೆಯವಳಾದಳು. ಇನ್ನು ಈ ವಿಷಯದಲ್ಲಿ ಹೆಚ್ಚು ಮಾತು ಬೇಡ.

ಈಗ ದಾದರ್ ಬ್ರಿಜ್ಜು. ಆ ಮಾತು ನಿಜ, ಆದ್ದರಿಂದ ಅಲ್ಲಿಂದಲೇ ಶುರು ಮಾಡಬೇಕು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಐದು ನಿಮಿಷ ಚುರುಕು ನಡಿಗೆ, ನಂತರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ. ಮೂರನೇ ವಾರಕ್ಕೆ ಎರಡು ನಿಮಿಷ ಓಟ, ಎರಡು ನಡಿಗೆ. ಐದನೇ ವಾರಕ್ಕೆ ಮೂರು ಓಟ, ಒಂದು ನಡಿಗೆ. ಹತ್ತನೇ ವಾರದ ಹೊತ್ತಿಗೆ ಅರ್ಧ ಗಂಟೆ ನಿಲ್ಲದೆ ಓಡುವಂತಾಗಬೇಕು. ಯಾವುದಾದರೂ ವಾರ ಭಾರವೆನಿಸಿದರೆ ಅದನ್ನೇ ಮತ್ತೊಮ್ಮೆ ಮಾಡಿ, ನಾಚಿಕೆಯೇನಿಲ್ಲ. ವೇಗಕ್ಕೆ ಗಡಿಯಾರ ಬೇಡ. ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾದರೆ ಸರಿ, ಎರಡೆರಡೇ ಪದ ಹೊರಡುತ್ತಿದ್ದರೆ ನಿಧಾನಿಸಿ.

ಹೆಚ್ಚಿನವರು ಸೋಲುವುದು ನಾಲ್ಕನೇ ವಾರದಿಂದ ಎಂಟನೇ ವಾರದೊಳಗೆ. ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಮೂಳೆಗೂ ಸ್ನಾಯುರಜ್ಜುಗಳಿಗೂ ತಿಂಗಳುಗಟ್ಟಲೆ ಬೇಕು. ಉಸಿರು "ಇನ್ನೂ ಓಡು" ಅನ್ನುತ್ತದೆ, ಮೊಣಕಾಲಿನ ಕೆಳಗಿನ ಮುಂಗಾಲು ನೋಯತೊಡಗುತ್ತದೆ. ಅಲ್ಲಿ ಬೆರಳಿಟ್ಟು ನೋಡಿ. ಮೂಳೆಯ ಒಳ ಅಂಚಿನುದ್ದಕ್ಕೂ ಅಂಗೈಯಗಲ ನೋಯುತ್ತಿದ್ದು ಮೈ ಬಿಸಿಯಾದ ಮೇಲೆ ತಗ್ಗಿದರೆ ದೂರ ಅರ್ಧಕ್ಕೆ ಇಳಿಸಿ. ಒಂದೇ ಬೆರಳಿನಷ್ಟು ಜಾಗ ಚುಚ್ಚಿದಂತೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ಕಾಡಿದರೆ, ಓಟ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಿ. ಮೂಳೆಯ ಸೂಕ್ಷ್ಮ ಬಿರುಕು ಮೊದಲ ವಾರಗಳ ಎಕ್ಸ್‌ರೇಯಲ್ಲಿ ಕಾಣಿಸದೆ ಹೋಗಬಹುದು. ಎಕ್ಸ್‌ರೇ ಚೆನ್ನಾಗಿದೆ ಎಂದು ಮತ್ತೆ ಓಡಿ ಬಿರುಕನ್ನು ದೊಡ್ಡದು ಮಾಡಿಕೊಳ್ಳುವವರುಂಟು.

ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತು ಸುಮಾರು 1.2 ಕಿ.ಮೀ., ಲೆಕ್ಕಕ್ಕೆ ಸುಲಭ. ಯಾವಾಗಲೂ ಒಂದೇ ದಿಕ್ಕಿಗೆ ಸುತ್ತಬೇಡಿ. ರಸ್ತೆಯಲ್ಲೂ ಅಷ್ಟೇ, ನಡು ಎತ್ತರ, ಅಂಚು ತಗ್ಗು. ಒಂದೇ ಬದಿಯಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲೇ ಬೀಳುತ್ತದೆ.

ಹೋಟೆಲ್ ಕೆಲಸದವರ ಪ್ರಶ್ನೆ ನ್ಯಾಯವಾದದ್ದು: ಹತ್ತು ಗಂಟೆ ನಿಂತು ದಣಿದ ಕಾಲಿಗೆ ಮತ್ತೆ ಓಟವೇ? ನಿಂತ ದಣಿವು ಮೀನಖಂಡದಲ್ಲಿ ಕೂಡಿರುತ್ತದೆ, ಹಾಗಾಗಿ ಮೂರು ದಿನಕ್ಕಿಂತ ಹೆಚ್ಚು ಬೇಡ. ಉದ್ದ ಓಟ ವಾರದ ರಜೆಯ ಬೆಳಿಗ್ಗೆಗೆ ಇರಲಿ, ಓಡಿ ಬಂದು ಗಲ್ಲಾದ ಹತ್ತಿರ ನಿಲ್ಲುವ ದಿನಕ್ಕಲ್ಲ. ರಾತ್ರಿ ಒಂದಕ್ಕೆ ಮಲಗಿದವರು ಐದಕ್ಕೆ ಎದ್ದು ಓಡುವುದಕ್ಕಿಂತ ಅವತ್ತು ಮಲಗಿರುವುದೇ ತರಬೇತಿ.

ಮೊದಲ ವರ್ಷ ಪೂರ್ತಿ ಮ್ಯಾರಥಾನಿನ 42.195 ಕಿ.ಮೀ. ಬೇಡ, ಹತ್ತು ಸಾಕು, ಮೈ ಕೇಳಿದರೆ ಅದರರ್ಧ, ಹಾಫ್ ಮ್ಯಾರಥಾನ್. ಕಾರಣವೂ ಲೆಕ್ಕದಲ್ಲೇ ಇದೆ. ಓಡುವಾಗ ಕಿ.ಮೀ.ಗೆ, ಕೆ.ಜಿ.ಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಖರ್ಚು. 65 ಕೆ.ಜಿ.ಯವರಿಗೆ ಪೂರ್ತಿ ಮ್ಯಾರಥಾನಿಗೆ 2,700ರ ಮೇಲೆ ಬೇಕು. ಮೈಯಲ್ಲಿ ಸಕ್ಕರೆಯ ರೂಪದಲ್ಲಿ ಕೂಡಿಟ್ಟದ್ದು ಸುಮಾರು 2,000. ಕೊಬ್ಬೂ ಉರಿಯುತ್ತದೆ, ಆದರೆ ನಿಧಾನ. ಆದ್ದರಿಂದ ಶುರುವಿನಲ್ಲಿ ಜೋರಾಗಿ ಓಡಿದವರು 30 ಕಿ.ಮೀ. ಆಸುಪಾಸಿನಲ್ಲಿ ಗೋಡೆಗೆ ಬಡಿದಂತೆ ನಿಲ್ಲುತ್ತಾರೆ. ಬಹಳ ವರ್ಷ ಬಳಕೆಯಲ್ಲಿದ್ದ ಮುಂಬಯಿ ದಾರಿಯಲ್ಲಿ ಪೆಡ್ಡರ್ ರೋಡಿನ ಏರು ವಾಪಸ್ ಬರುವಾಗ, ಸರಿಯಾಗಿ ಕಾಲು ಸೋತ ಮೇಲೆಯೇ, ಎದುರಾಗುತ್ತಿತ್ತು. ಅಲ್ಲಿ ಹೆಜ್ಜೆ ಚಿಕ್ಕದು ಮಾಡಿ ಹತ್ತಬೇಕು, ನಡೆದರೂ ಸರಿ. ಒಂದೂವರೆ ಗಂಟೆ ಮೀರುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ-ಪಿಷ್ಟ, ಒಳಗೆ ಹೋಗಲಿ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25 ಗ್ರಾಂ ಇರುತ್ತದೆ, ಬೆಲ್ಲದ ಚೂರೂ ಆದೀತು. ಯಾವುದನ್ನೇ ಆಗಲಿ ಅಭ್ಯಾಸದ ದಿನಗಳಲ್ಲಿ ಹೊಟ್ಟೆಗೆ ರೂಢಿ ಮಾಡಿಸಿ.

ನೀರು ಎಷ್ಟು ಬೇಕು ಎಂಬುದನ್ನು ತಕ್ಕಡಿ ಹೇಳುತ್ತದೆ. ಓಟಕ್ಕೆ ಮುಂಚೆ, ಓಡಿ ಬಂದು ಬೆವರು ಒರೆಸಿಕೊಂಡ ಮೇಲೆ ತೂಕ ನೋಡಿ. ಒಂದು ಕೆ.ಜಿ. ಇಳಿದರೆ ಸುಮಾರು ಒಂದು ಲೀಟರ್ ಹೋಗಿದೆ. ಇಳಿಯುವ ಬದಲು ತೂಕ ಏರಿದ್ದರೆ ನೀವು ಹೆಚ್ಚು ಕುಡಿದಿದ್ದೀರಿ, ರಕ್ತದ ಉಪ್ಪು ತೆಳುವಾಗಿ ಪ್ರಾಣಾಪಾಯವೂ ಆಗಬಹುದು.

ಉದುರದೆ ನಿಲ್ಲುವ ಮಾತು ಎಂದೆನಲ್ಲ, ಅದು ಎದೆಯದು. ಸಕ್ಕರೆ ಕಾಯಿಲೆ, ಬಿ.ಪಿ., ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಇದ್ದವರು ಡಾಕ್ಟರ ಹತ್ತಿರ ಹೋಗಿಯೇ ಶುರು ಮಾಡಬೇಕು. ಓಡುವಾಗ ಎದೆ ಬಿಗಿದರೆ, ಕಣ್ಣು ಕತ್ತಲೆಗಟ್ಟಿದರೆ, ಗ್ಯಾಸು ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಕೊನೆಗೆ ಶೂ. ಸಂಜೆ ಪಾದ ಊದಿಕೊಂಡಿರುವಾಗ ಕೊಳ್ಳಿ, ಉದ್ದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಬೇಕು. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುವುದಕ್ಕೆ ಪರಿಹಾರ ಲೇಸಿನಲ್ಲೇ ಇದೆ. ಕಣಕಾಲಿನ ಹತ್ತಿರ ಎಲ್ಲರೂ ಖಾಲಿ ಬಿಡುವ ಆ ಕೊನೆಯ ತೂತು ನೋಡಿ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ಪೋಣಿಸಿ ಚಿಕ್ಕ ಕುಣಿಕೆ ಉಳಿಸಿ, ಇನ್ನೊಂದು ಬದಿಗೂ ಹಾಗೇ. ಈಗ ಎಡದ ತುದಿಯನ್ನು ಬಲದ ಕುಣಿಕೆಯೊಳಗೆ, ಬಲದ್ದನ್ನು ಎಡದೊಳಗೆ ತೂರಿಸಿ, ಕೆಳಕ್ಕೆ ಎಳೆದು ಗಂಟು ಹಾಕಿ. ಹಿಮ್ಮಡಿ ಅಲ್ಲಾಡುವುದಿಲ್ಲ. ಶೂ ಹಾಕಿಕೊಂಡು ಬಂದವರು ಈಗಲೇ ಬಿಚ್ಚಿ ಕಟ್ಟಿ ನೋಡಿ, ನಾನು ಒಂದು ಸುತ್ತು ಬರುತ್ತೇನೆ.