ನಕ್ಷೆ ಇಲ್ಲದೆ ನೆಯ್ದ ನೈಲ್ ದಂಡೆ

ಎಲ್ಲರಿಗೂ ನಮಸ್ಕಾರ.

ಗೀಜಾದ ಪಿರಮಿಡ್‌ಗಳನ್ನು ಚಿತ್ರದಲ್ಲಾದರೂ ನೀವೆಲ್ಲ ನೋಡಿರುತ್ತೀರಿ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಹರ್ರಾನಿಯಾ ಅಂತ ಒಂದು ಹಳ್ಳಿ ಇದೆ. ಇವತ್ತು ಆ ಊರಿನ ನೇಕಾರರ ಬಗ್ಗೆ ಮಾತಾಡುತ್ತೇನೆ. ಖರ್ಜೂರದ ತೋಪು, ಕಾಲುವೆ, ನೀರುಹಕ್ಕಿ, ಹೊಲದಾಚೆಯ ಮರಳುಗಾಡು, ಇವನ್ನೆಲ್ಲ ಅವರು ಉಣ್ಣೆಯಲ್ಲಿ ನೆಯ್ದಿದ್ದಾರೆ. ಕೆಲವು ಒಂದಿಡೀ ಗೋಡೆ ತುಂಬುತ್ತವೆ. ಇವುಗಳಲ್ಲಿ ಯಾವ ಚಿತ್ರಕ್ಕೂ ಮುಂಚೆ ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆದಿಲ್ಲ.

ಇದನ್ನು ಶುರು ಮಾಡಿದವರು ಕೈರೋದ ವಾಸ್ತುಶಿಲ್ಪಿ ರಾಮ್ಸೆಸ್ ವಿಸ್ಸಾ ವಾಸೆಫ್. 1951ರಲ್ಲಿ ಅಲ್ಲಿ ಜಾಗ ಕೊಂಡು, ಹೆಂಡತಿ ಸೋಫಿ ಜೊತೆ ಊರಿನ ಮಕ್ಕಳಿಗೆ ಮಗ್ಗ ಹಾಕಿಕೊಟ್ಟರು. ಮಣ್ಣಿನ ಇಟ್ಟಿಗೆಯಲ್ಲಿ ಗುಮ್ಮಟ, ಕಮಾನು ಕಟ್ಟಿದ ಆ ಕೇಂದ್ರಕ್ಕೆ 1983ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಅವರ ಕಟ್ಟುಪಾಡು ಮೂರೇ. ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ. ಬೇರೆ ಕಲಾಕೃತಿ ನೋಡಿ ನಕಲು ಮಾಡುವಂತಿಲ್ಲ. ದೊಡ್ಡವರು ಬಂದು ತಪ್ಪು ಹುಡುಕುವಂತಿಲ್ಲ.

ನಕ್ಷೆ ಇಲ್ಲದೆ ನೆಯ್ಯುವುದು ಎಷ್ಟು ಕಷ್ಟ ಅಂತ ಮಗ್ಗದ ಮುಂದೆ ಕೂತವರಿಗೇ ಗೊತ್ತು. ಹಾಸಿನ ದಾರ ನೆಟ್ಟಗೆ ನಿಂತಿರುತ್ತದೆ. ಅದರ ನಡುವೆ ಅಡ್ಡಕ್ಕೆ ಸಾಗುವ ಹೊಕ್ಕಿನ ಉಣ್ಣೆಯನ್ನು ಬೆರಳಲ್ಲೇ ತೂರಿಸಿ, ಬಾಚಣಿಗೆಯಂಥ ಪಂಜದಿಂದ ಕೆಳಕ್ಕೆ ಬಡಿಯಬೇಕು. ಹಾಸು ಪೂರ್ತಿ ಮುಚ್ಚಿಹೋಗುತ್ತದೆ, ಕಾಣುವುದು ಹೊಕ್ಕು ಮಾತ್ರ. ಇಲ್ಲಿ ಒಂದೊಂದು ಬಣ್ಣದ ದಾರ ಅಂಚಿನಿಂದ ಅಂಚಿಗೆ ಓಡುವುದಿಲ್ಲ. ತನ್ನ ಜಾಗದಷ್ಟು ಹೋಗಿ ಹಿಂದಕ್ಕೆ ತಿರುಗುತ್ತದೆ. ಹೀಗಾಗಿ ಎರಡು ಬಣ್ಣ ನೆಟ್ಟಗೆ ಅಕ್ಕಪಕ್ಕ ಏರಿದರೆ ನಡುವೆ ಸೀಳು ಉಳಿಯುತ್ತದೆ. ಖರ್ಜೂರದ ಮರದ ಕಾಂಡ ನೆಟ್ಟಗೇ ತಾನೆ ಇರುವುದು? ಓರೆ ಗೆರೆಯಾದರೆ ಆ ತೊಂದರೆ ಇಲ್ಲ, ಒಂದೊಂದೇ ಹಾಸಿನ ಎಳೆ ಬಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಏರಬಹುದು. ಅದಕ್ಕೇ ಇಂಥ ನೇಯ್ಗೆಯಲ್ಲಿ ಎಷ್ಟೋ ಸಲ ಚಿತ್ರವನ್ನೇ ಅಡ್ಡ ಮಲಗಿಸಿ ನೆಯ್ಯುತ್ತಾರೆ. ಆಗ ನೇಕಾರರ ಕಣ್ಣೆದುರು ಇಡೀ ತೋಪು ಮಗ್ಗುಲಾಗಿ ಬೆಳೆಯುತ್ತದೆ.

ಇನ್ನೊಂದು ಮಾತು. ನೆಯ್ದ ಭಾಗ ಕೆಳಗೆ ಸುತ್ತಿಕೊಂಡು ಹೋಗುತ್ತದೆ. ಕಳೆದ ತಿಂಗಳು ಯಾವ ನೀಲಿಯಲ್ಲಿ ನೀರು ಹರಿಸಿದ್ದೆ ಅಂತ ನೋಡಲು ಅದು ಎದುರಿಗೆ ಇರುವುದಿಲ್ಲ, ತಲೆಯಲ್ಲಿರಬೇಕು. ಚಿತ್ರಕಾರನ ಹಾಗೆ ಮೇಲೆ ಇನ್ನೊಂದು ಬಣ್ಣ ಬಳಿಯುವಂತೆಯೂ ಇಲ್ಲ. ಬೇಡವಾದರೆ ಬಿಚ್ಚಬೇಕು, ಅಷ್ಟೇ.

ಹರ್ರಾನಿಯಾದ ಕಥೆಯನ್ನು 'ಕಲಿಯದ ಮಕ್ಕಳ ಪವಾಡ' ಅಂತ ಹೇಳುವವರು ಜಾಸ್ತಿ. ನನಗೆ ಇದು ಸಮಾಧಾನ ಕೊಡುವುದಿಲ್ಲ. ಅಲಿ ಸೆಲೀಂ, ಗರಿಯಾ ಮಹಮೂದ್, ಸಯ್ಯದ್ ಮಹಮೂದ್ ಅವರಂಥ ನೇಕಾರರು ಮಗ್ಗಕ್ಕೆ ಬಂದಾಗ ಮಕ್ಕಳಾಗಿದ್ದರು, ನಿಜ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ದೊಡ್ಡವರಾದ ಮೇಲೂ ನೆಯ್ದರು. ಅದೇ ಕಾಲುವೆ, ಅದೇ ಮರ ನೋಡುತ್ತಲೇ ಬಾಳಿದರು. ಆ ಚಿತ್ರಗಳಲ್ಲಿರುವುದು ಮುಗ್ಧತೆಗಿಂತ ಹೆಚ್ಚಾಗಿ ದುಡಿದ ಕಣ್ಣು. ಒಂದು ಮರವನ್ನು ವರ್ಷಗಟ್ಟಲೆ ನೋಡಿದವರಿಗೆ ಅದರ ನಕ್ಷೆ ಯಾಕೆ ಬೇಕು?

ಬಣ್ಣವೂ ಆ ನೆಲದ್ದೇ. ಬಣ್ಣದ ಗಿಡಗಳನ್ನು ಕೇಂದ್ರದಲ್ಲೇ ಬೆಳೆಸಿದರು. ಕೆಂಪಿಗೆ ನಮ್ಮ ಮಂಜಿಷ್ಠದ ಬಳಗದ ಬೇರು, ನೀಲಿಗೆ ನೀಲಿ ಗಿಡ, ಹಳದಿಗೆ ರೆಸೆಡಾ ಅನ್ನುವ ಗಿಡ. ಗಟ್ಟಿಯಾಗಿ ನಿಲ್ಲುವ ಹಸಿರು ಒಂದೇ ಗಿಡದಿಂದ ಸಿಗುವುದು ಕಷ್ಟ. ಹಳದಿಯಲ್ಲಿ ಅದ್ದಿದ ಉಣ್ಣೆಯನ್ನು ಮತ್ತೆ ನೀಲಿಯಲ್ಲಿ ಅದ್ದಿದರೆ ಹಸಿರು. ಎಷ್ಟು ಹೊತ್ತು ಅದ್ದಿದೆವು ಅನ್ನುವುದರ ಮೇಲೆ ಎಳೆ ಹಸಿರು, ಕಡು ಹಸಿರು ಬರುತ್ತವೆ. ನೀವು ಆ ಚಿತ್ರಗಳಲ್ಲಿ ನೋಡುವ ಹೊಲಗಳ ಹಸಿರಿನ ಹಿಂದೆ ಈ ಕೆಲಸ ಇದೆ. ಇಂದು ಕೈರೋ ಬೆಳೆದು ಆ ಸುತ್ತಲಿನ ಹೊಲಗಳನ್ನು ನುಂಗುತ್ತಾ ಬಂದಿದೆ.

ನಮ್ಮ ನವಲಗುಂದದ ಜಮಖಾನೆಯೂ ಇದೇ ಬಗೆಯ ನೇಯ್ಗೆ. ನಿಂತ ಮಗ್ಗ, ಹಾಸು ಮುಚ್ಚುವ ಹೊಕ್ಕು, ಪಂಜದ ಬಡಿತ. ಅಲ್ಲಿ ಉಣ್ಣೆ, ಇಲ್ಲಿ ಹತ್ತಿ. ನೆಯ್ಯುವವರು ಹೆಣ್ಣುಮಕ್ಕಳು. ನವಿಲು, ಚೌಕಾಬಾರದ ಮನೆ, ಇವೆಲ್ಲ ಅವರಿಗೆ ಬಾಯಿಪಾಠ. ಅವು ಉಳಿಯಲೇಬೇಕು. ಅದರ ಜೊತೆಗೆ ಆ ತಾಯಂದಿರಲ್ಲಿ ಒಬ್ಬರಿಗೆ ಒಂದು ವರ್ಷದ ಸಂಬಳ ಕೊಟ್ಟು, 'ನಿಮ್ಮ ಎರೆಭೂಮಿ, ನಿಮ್ಮ ಜೋಳದ ಹೊಲ, ನಿಮಗೆ ಕಂಡ ಹಾಗೆ ನೆಯ್ಯಿರಿ' ಅಂದರೆ ಏನು ಬರಬಹುದು? ನನಗೆ ಅದನ್ನು ನೋಡುವ ಆಸೆ ತುಂಬಾ ಇದೆ. ಇಲ್ಲಿ ಸಂಘ ಸಂಸ್ಥೆ ನಡೆಸುವವರು ಇದ್ದೀರಿ, ಅದಕ್ಕೇ ಬಾಯಿಬಿಟ್ಟು ಕೇಳುತ್ತಿದ್ದೇನೆ. ಅಳತೆ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಇದು ಆಗುವುದಿಲ್ಲ. ಬಿಚ್ಚಿದ ದಿನಕ್ಕೂ ಸಂಬಳ ಸಿಗಬೇಕು.

ಪಕ್ಕದ ಕೋಣೆಯಲ್ಲಿ ಸಣ್ಣ ಚೌಕಟ್ಟಿನ ಮಗ್ಗಗಳಿಗೆ ಹಾಸು ಕಟ್ಟಿಟ್ಟಿದ್ದೇವೆ. ಚಹಾ ಆದ ಮೇಲೆ ಬಂದು ಕೂತುಕೊಳ್ಳಿ. ಮೊದಲು ಗುಡ್ಡ ನೆಯ್ಯಿರಿ, ಓರೆ ಗೆರೆ ಸುಲಭವಾಗಿ ಬರುತ್ತದೆ. ಮರಕ್ಕೆ ಕೈ ಹಾಕುವವರು ಮಗ್ಗವನ್ನು ಅಡ್ಡ ತಿರುಗಿಸಿಕೊಳ್ಳಿ.